ಯುಗಾದಿಯ ಹಿತ್ತಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲದಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಅಡಿಕೆಯ ಕೊಳೆರೋಗದ್ದೇ. ಯುಗಾದಿ ಹತ್ತಿರವಾದಂತೆ ಹೂವು, ಗೂಡು, ಮರಿಗಳ ಸುದ್ದಿ ಶುರುವಾಗುತ್ತದೆ. ಈ ಸಲ ಬಂದವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಹಿತ್ತಲಿನ ಎರಡು ಅಪ್ಪೆಮಿಡಿ ಮರಗಳು ಈ ವರ್ಷ ಮೈತುಂಬ ಹೂ ಬಿಟ್ಟಿದ್ದವು. ಈಗ ಹೂವು ಕಪ್ಪಾಗಿ ಉದುರುತ್ತಿದೆ. ಮರದಡಿ ನಿಂತರೆ ಸಣ್ಣ ಹುಳುಗಳು ಪಟಪಟನೆ ಹಾರಿ ಮುಖಕ್ಕೆ ಬಡಿಯುತ್ತವೆ, ಎಲೆಯೆಲ್ಲ ಅಂಟಂಟು. ಅಂಗಡಿಯವರು ಕೊಟ್ಟ ಔಷಧಿಯ ಚೀಟಿ ಲಗತ್ತಿಸಿದ್ದೇನೆ. ಮರದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ತುಡುವೆ ಜೇನಿನ ಎರಡು ಪೆಟ್ಟಿಗೆಗಳಿವೆ. ಹೊಡೆಯಬಹುದೇ?
— ಕೃಷಿಕರು, ಹೊಸನಗರ ತಾಲ್ಲೂಕು

ಉತ್ತರ: ಹೊಡೆಯಬೇಡಿ. ಡಬ್ಬಿ ಇನ್ನೂ ಒಡೆದಿಲ್ಲವಾದರೆ ಅಂಗಡಿಗೆ ಹಿಂದಿರುಗಿಸಿ.

ನೀವು ಕಂಡದ್ದು ಜಿಗಿಹುಳು. ಅದು ಹೂಗೊಂಚಲಿನ ರಸ ಹೀರಿ ಸಿಹಿ ಅಂಟನ್ನು ಹೊರಹಾಕುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ನಿಮ್ಮ ಚೀಟಿಯಲ್ಲಿರುವ ಇಮಿಡಾಕ್ಲೋಪ್ರಿಡ್ ಜಿಗಿಹುಳುವನ್ನು ಕೊಲ್ಲುವುದು ನಿಜ. ಆದರೆ ಅದು ಗಿಡದ ರಸದಲ್ಲಿ ಸೇರಿ ಮಕರಂದದವರೆಗೂ ಹೋಗುತ್ತದೆ, ಜೇನಿಗೆ ಅದು ಘೋರ ವಿಷ. ಅರಳಿದ ಹೂವಿಗೆ ಅದನ್ನು ಹೊಡೆದರೆ ನಿಮ್ಮ ಎರಡು ಪೆಟ್ಟಿಗೆ ಮಾತ್ರವಲ್ಲ, ಆ ಹೂವಿಗೆ ಬರುವ ಕಾಡಿನ ಜೇನೂ ಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಕಡೆಯ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದದ್ದನ್ನು ಕಣ್ಣಾರೆ ಕಂಡವನು ನಾನು. ಆ ರೋಗ ನಮ್ಮ ಕೈಮೀರಿತ್ತು. ಪಂಪು ನಮ್ಮ ಕೈಯಲ್ಲೇ ಇದೆ.

ಇನ್ನೊಂದು ಮಾತು. ಹೂ ಉದುರಿದ್ದಕ್ಕೆಲ್ಲ ಹುಳುವೇ ಕಾರಣವಲ್ಲ. ಮಾವಿನ ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರ ದಾಟಿ ಹೂಗಳಿರುತ್ತವೆ. ಬಹುಪಾಲು ಗಂಡು ಹೂಗಳೇ. ಕೊನೆಗೆ ಗೊಂಚಲಿಗೆ ಒಂದೆರಡು ಕಾಯಿ ನಿಂತರೆ ಅದು ಒಳ್ಳೆಯ ಫಸಲು. ಆ ಒಂದೆರಡು ಕಾಯಿ ಕಚ್ಚಲು ನೊಣ, ಜೇನುಗಳು ಹೂವಿನಿಂದ ಹೂವಿಗೆ ಓಡಾಡಲೇಬೇಕು.

ಈಗ ಮಾಡಬೇಕಾದದ್ದು: ಪೈಪಿನ ನೀರನ್ನು ಬೆಳಿಗ್ಗೆ ಕಾಂಡ ಮತ್ತು ಕೆಳಕೊಂಬೆಗಳಿಗೆ ಜೋರಾಗಿ ಬಿಡಿ. ತೊಗಟೆಯ ಸಂದಿನಲ್ಲಿ ಅಡಗಿದ ಹುಳುಗಳು ಕೆಳಗೆ ಬೀಳುತ್ತವೆ. ಹೂವೆಲ್ಲ ಮುಗಿದು ಮಿಡಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಹಾಕಿ, ಎಣ್ಣೆ ನೀರಿನಲ್ಲಿ ಕರಗುವಷ್ಟು ಸೋಪು ಬೆರೆಸಿ, ಜೇನು ಗೂಡು ಸೇರಿದ ಮೇಲೆ ಸಂಜೆ ಹೊಡೆಯಿರಿ. ಮಿಡಿ ಕಚ್ಚಿದ ಮರಕ್ಕೆ ಹತ್ತು ಹದಿನೈದು ದಿನಕ್ಕೊಮ್ಮೆ ಬುಡ ನೆನೆಯುವಷ್ಟು ನೀರು ಕೊಟ್ಟು, ಪಾತಿಗೆ ದಪ್ಪಗೆ ತರಗೆಲೆ ಹಾಸಿ. ನೀವು ಮಿಡಿಯನ್ನು ಸಿಪ್ಪೆ ಸಮೇತ ಉಪ್ಪಿಗೆ ಹಾಕುವವರು. ಸಿಪ್ಪೆಗೆ ವಿಷ ಮೆತ್ತಿದರೆ ಅದು ವರ್ಷವಿಡೀ ನಿಮ್ಮ ಭರಣಿಯಲ್ಲಿ ಕೂತಿರುತ್ತದೆ.

ಮುಂದಿನ ವರ್ಷಕ್ಕೆ: ಫಸಲು ಮುಗಿದ ಮೇಲೆ ಒಳಗಿನ ಒತ್ತು ಕೊಂಬೆಗಳನ್ನು ಸವರಿ ಬಿಸಿಲು ಗಾಳಿ ಆಡುವಂತೆ ಮಾಡಿ. ಜಿಗಿಹುಳುವಿಗೆ ಬೇಕಾದದ್ದು ಕತ್ತಲು ಮತ್ತು ತಂಪು. ಸಿಂಪಡಣೆ ಬೇಕೇ ಬೇಕೆನಿಸಿದರೆ ಹೂಗೊಂಚಲು ಬೆರಳುದ್ದ ಇರುವಾಗ, ಒಂದೂ ಹೂ ಬಿರಿಯುವ ಮೊದಲು ಮಾಡಿ.

ಪ್ರಶ್ನೆ: ಜಗಲಿಯ ಪಕ್ಕ ತೂಗುಹಾಕಿದ ಜರೀಗಿಡದ ಕುಂಡದಲ್ಲಿ ಜುಟ್ಟಿರುವ, ಕೆನ್ನೆ ಕೆಂಪಗಿನ ಹಕ್ಕಿ ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಿದೆ. ನಮ್ಮ ಬೆಕ್ಕು ಅಲ್ಲೇ ಕೂತು ನೋಡುತ್ತಿರುತ್ತದೆ. ಕುಂಡವನ್ನು ಬೇರೆ ಕಡೆ ಇಡೋಣವೆಂದರೆ, ಮುಟ್ಟಿದರೆ ತಾಯಿಹಕ್ಕಿ ಬಿಟ್ಟುಹೋಗುತ್ತದೆ ಅಂತಾರೆ ನಮ್ಮತ್ತೆ.
— ಗೃಹಿಣಿ, ಶಿರಸಿ

ಉತ್ತರ: ಅದು ಕೆಮ್ಮೀಸೆ ಪಿಕಳಾರ ತಾಯಿ, ಮನುಷ್ಯರ ಓಡಾಟವಿರುವ ಜಾಗವನ್ನೇ ಹುಡುಕಿಕೊಂಡು ಬರುವ ಹಕ್ಕಿ. ಕುಂಡ ಅಲ್ಲೇ ಇರಲಿ. ಕಾವು ಸುಮಾರು ಎರಡು ವಾರ, ಮರಿ ಗೂಡಿನಲ್ಲಿರುವುದು ಇನ್ನು ಹೆಚ್ಚೆಂದರೆ ಎರಡು ವಾರ. ಒಂದು ತಿಂಗಳಲ್ಲಿ ಎಲ್ಲ ಮುಗಿಯುತ್ತದೆ.

ನಿಮ್ಮತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗೂಡು ಕಟ್ಟುವಾಗ, ಮೊಟ್ಟೆಯಿರುವಾಗ ಪದೇ ಪದೇ ಇಣುಕಿದರೆ ಹಕ್ಕಿ ಗೂಡು ತೊರೆಯುವುದುಂಟು. ಆದರೆ ಕೆಳಗೆ ಬಿದ್ದ ಮರಿಯನ್ನು ಕೈಯಿಂದ ಎತ್ತಿ ಗೂಡಿಗಿಟ್ಟರೆ ಮನುಷ್ಯರ ವಾಸನೆಗೆ ಹೆದರಿ ತಾಯಿ ಬಿಡುವುದಿಲ್ಲ. ಹಾಗಾಗಿ ಪುಕ್ಕ ಬಲಿಯದ ಮರಿ ಬಿದ್ದರೆ ಧೈರ್ಯವಾಗಿ ಎತ್ತಿಡಿ. ಹಾಲು, ನೀರು ಯಾವುದನ್ನೂ ಬಾಯಿಗೆ ಹಾಕಬೇಡಿ.

ಅಪಾಯವಿರುವುದು ಬೆಕ್ಕಿನಿಂದ. ಹೊಟ್ಟೆ ತುಂಬಿಸಿದರೆ ಬೆಕ್ಕು ಬೇಟೆ ಬಿಡುತ್ತದೆ ಎಂಬುದು ತಪ್ಪು. ಕುಂಡಕ್ಕೆ ಹತ್ತಿರವಿರುವ ಕಂಬಕ್ಕೆ ನಿಂಬೆಯ ಮುಳ್ಳುಕೊಂಬೆ ಸುತ್ತಿ, ಕೆಳಗಿನ ಬೆಂಚು ಸ್ಟೂಲುಗಳನ್ನು ತೆಗೆಯಿರಿ. ಪಿಕಳಾರದ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡಿನಿಂದ ಇಳಿದು ಪೊದೆಗಳಲ್ಲಿ ಕುಪ್ಪಳಿಸುತ್ತವೆ. ಆ ನಾಲ್ಕೈದು ದಿನ ಬೆಕ್ಕನ್ನು ಮನೆಯೊಳಗೇ ಕೂಡಿ. ಅದು ಕೂಗಾಡಲಿ, ಅಡ್ಡಿಯಿಲ್ಲ. ಗಿಡಕ್ಕೆ ಲೋಟದಿಂದ ಅಂಚಿನಲ್ಲಿ ನೀರು ಬಿಟ್ಟರೆ ಸಾಕು. ಹಿತ್ತಲಿನಲ್ಲಿ ಕರಿಬೇವಿನ ಗಿಡವಿದ್ದರೆ ಅದರ ಕಂಬಳಿಹುಳುಗಳಿಗೂ ಈಗ ಏನನ್ನೂ ಹೊಡೆಯಬೇಡಿ. ಮರಿಗಳ ಊಟ ಅವೇ.

ಪ್ರಶ್ನೆ: ಹುಲ್ಲಿನ ಬಣವೆಯ ಹತ್ತಿರ ಎರಡು ದೊಡ್ಡ ಹಾವುಗಳು ಹೆಣೆದುಕೊಂಡು ಸೊಂಟದೆತ್ತರಕ್ಕೆ ಎದ್ದು ಅರ್ಧ ಗಂಟೆ ಆಡಿದವು. ಅಜ್ಜ ಓಡಿಹೋಗಿ ಹೊಸ ಪಂಚೆ ತಂದು ಮೇಲೆ ಹಾಕಲು ಹೊರಟರು, ಮಿಲನದ ಹಾವಿನ ಮೇಲೆ ಹಾಕಿದ ಬಟ್ಟೆ ಪೆಟ್ಟಿಗೆಯಲ್ಲಿದ್ದರೆ ಸಂಪತ್ತು ಬರುತ್ತದಂತೆ.
— ಕಾಲೇಜು ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಪತ್ರದ ಉಳಿದ ಭಾಗದಲ್ಲಿ ನೀವು ವರ್ಣಿಸಿದ ಬಣ್ಣ, ದೊಡ್ಡ ಕಣ್ಣು, ಹೆಡೆಯಿಲ್ಲದ ತಲೆ ನೋಡಿದರೆ ಅವು ಕೇರೆಹಾವುಗಳು. ಎರಡೂ ಗಂಡು. ಅದು ಮಿಲನವಲ್ಲ, ಕುಸ್ತಿ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತದೆ, ಸೋತದ್ದು ಹೊರಟುಹೋಗುತ್ತದೆ. ಕಚ್ಚಾಟವಿಲ್ಲ. ಮಿಲನದ ಹಾವುಗಳು ಹೆಚ್ಚಾಗಿ ನೆಲದಲ್ಲೇ ಸುಮ್ಮನೆ ಮಲಗಿರುತ್ತವೆ. ಅಜ್ಜನವರಿಗೆ ಹೇಳಿ: ಕೇರೆ ನಿಜವಾಗಿ ಕೊಡುವ ಸಂಪತ್ತು ಬಣವೆಯ ಇಲಿಗಳನ್ನು ತಿನ್ನುವುದು.

ನಿಮ್ಮ ಸೀಮೆಯಲ್ಲಿ ಕಾಳಿಂಗ ಸರ್ಪದ ಗಂಡುಗಳೂ ಇದೇ ತಿಂಗಳುಗಳಲ್ಲಿ ಹೀಗೆಯೇ ಸೆಣಸುತ್ತವೆ. ಹೆಣ್ಣು ತರಗೆಲೆ ಗುಡ್ಡೆಹಾಕಿ ಗೂಡು ಮಾಡಿ ಮೊಟ್ಟೆಯಿಡುತ್ತದೆ. ಪಶ್ಚಿಮಘಟ್ಟದ ಕಾಳಿಂಗ ಬೇರೆಯದೇ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ ಅದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂದೇ ಹೆಸರಿಟ್ಟರು. ನಮ್ಮ ಹಿರಿಯರು ಕರೆದ ಹೆಸರು ಹೀಗೆ ಶಾಸ್ತ್ರಕ್ಕೆ ಸೇರಿದ್ದು ನನಗೆ ತುಂಬ ಸಂತೋಷದ ವಿಷಯ. ದೂರ ನಿಂತು ನೋಡಿ. ಮನೆಯೊಳಗೆ ಬಂದರೆ ಅರಣ್ಯ ಇಲಾಖೆಗೆ ತಿಳಿಸಿ. ಯಾವುದೇ ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನಾಯಿಯ ಕಿವಿ, ಬೆರಳ ಸಂದಿನಲ್ಲೆಲ್ಲ ಉಣುಗು. ದನಕ್ಕೆ ಹಚ್ಚುವ ಔಷಧಿಯನ್ನೇ ಹಚ್ಚಿ ಎನ್ನುತ್ತಾರೆ ಪಕ್ಕದವರು. ಇದರಿಂದ ಮಂಗನ ಕಾಯಿಲೆ ಬರುತ್ತದೆಯೇ ಎಂಬ ಹೆದರಿಕೆಯೂ ಇದೆ.
— ಓದುಗರು, ಸಾಗರ

ಉತ್ತರ: ದನದ ಔಷಧಿ ಬೇಡ. ಅದರ ಪ್ರಮಾಣ ತಪ್ಪಿದರೆ ನಾಯಿಗೆ ನಡುಕ, ಜೊಲ್ಲು, ಸಾವು. ಬೆಕ್ಕಿನ ಮನೆಯಾದರೆ ಇನ್ನೂ ಎಚ್ಚರ: ಪರ್ಮೆಥ್ರಿನ್ ಇರುವ ಔಷಧಿ ಹಚ್ಚಿದ ನಾಯಿಯ ಪಕ್ಕ ಮಲಗಿದರೂ ಬೆಕ್ಕಿಗೆ ಕಂಟಕ. ನಮ್ಮ ಮನೆಯ ಬೆಕ್ಕನ್ನು ನಾನು ಕಳೆದುಕೊಂಡದ್ದು ಹೀಗೆಯೇ, ಇಪ್ಪತ್ತು ವರ್ಷವಾದರೂ ಆ ರಾತ್ರಿ ಮರೆತಿಲ್ಲ. ಪಶುವೈದ್ಯರಿಗೆ ನಾಯಿಯ ತೂಕ ಹೇಳಿ, ಅವರು ಕೊಟ್ಟ ಮಾತ್ರೆ ಅಥವಾ ಹನಿಯನ್ನೇ ಬಳಸಿ. ಉಣುಗಿನ ಬಹುಪಾಲು ಬದುಕು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಒಂದು ಹೆಣ್ಣು ಅಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿ ಮಲಗುವ ಜಾಗದ ಬಿರುಕು ಮೆತ್ತಿ ಸುಣ್ಣ ಬಳಿಯದೆ ಎಷ್ಟು ಮಾತ್ರೆ ಕೊಟ್ಟರೂ ಉಣುಗು ಮರಳುತ್ತದೆ. ನಾಯಿ ಊಟ ಬಿಟ್ಟು, ಜ್ವರ ಬಂದು, ಒಸಡು ಬೆಳ್ಳಗಾದರೆ ಅಥವಾ ಮೂಗಿನಲ್ಲಿ ರಕ್ತ ಬಂದರೆ ಅದೇ ದಿನ ತೋರಿಸಿ.

ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಕಾಡಿನ ಉಣುಗು, ಮನೆನಾಯಿಯ ಕಂದು ಉಣುಗಲ್ಲ. ಆದರೆ ಕಾಡಿಗೆ ಹೋಗಿ ಬರುವ ನಾಯಿ, ದನಗಳು ಆ ಉಣುಗನ್ನು ಅಂಗಳಕ್ಕೆ ಹೊತ್ತು ತರಬಲ್ಲವು. ಡಿಸೆಂಬರಿನಿಂದ ಮೇವರೆಗೆ ನಾಯಿಯನ್ನು ಕಾಡಿಗೆ ಬಿಡಬೇಡಿ. ಉಣುಗನ್ನು ಬೆರಳಲ್ಲಿ ಹಿಸುಕದೆ ಚಿಮಟದಿಂದ ಕಿತ್ತು ಸೋಪಿನ ನೀರಿಗೆ ಹಾಕಿ. ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪ್ರಶ್ನೆ: ತೋಟದಲ್ಲಿ ಒಣಗಿದ ತೆಂಗಿನ ಮರ ಕಡಿದಾಗ ಪೊಟರೆಯಲ್ಲಿ ಎರಡು ಗಿಳಿಮರಿ ಸಿಕ್ಕವು. ಅಪ್ಪ ಪಂಜರ ತರ್ತೀನಿ ಅಂದಿದ್ದಾರೆ. ಏನು ತಿನ್ನಿಸಬೇಕು?
— 8ನೇ ತರಗತಿ ವಿದ್ಯಾರ್ಥಿನಿ, ಹಿರಿಯೂರು

ಉತ್ತರ: ಪುಟ್ಟೀ, ನಿನಗೆ ಅಂದೇ ಫೋನಿನಲ್ಲಿ ಹೇಳಿದ್ದನ್ನು ಉಳಿದವರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ. ಪೊಟರೆಯಿರುವ ಆ ಕಾಂಡದ ತುಂಡನ್ನು ಹಾಗೇ ಕತ್ತರಿಸಿ, ಮರಿಗಳನ್ನು ಒಳಗಿಟ್ಟು, ಪಕ್ಕದ ಮರಕ್ಕೆ ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಬೇಕು. ಆಮೇಲೆ ದೂರ ಸರಿದು ಸಂಜೆಯವರೆಗೆ ಕಾಯಬೇಕು. ಮರಿಗಳ ಕೂಗು ಕೇಳಿ ತಾಯಿತಂದೆ ಬರುವುದೇ ಹೆಚ್ಚು. ಬಾರದಿದ್ದರೆ, ಮರಿಗೆ ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಗಿಳಿಯನ್ನು ಹಿಡಿದು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಅಪ್ಪನಿಗೆ ಈ ಪುಟ ತೋರಿಸು.

ತೋಟವಿರುವ ಎಲ್ಲರಲ್ಲೂ ನನ್ನದೊಂದು ಬೇಡಿಕೆ. ಒಣಮರಕ್ಕೆ ಕೊಡಲಿ ಹಾಕುವ ಮೊದಲು ಅರ್ಧ ದಿನ ಅದರ ಪೊಟರೆಗಳನ್ನು ಗಮನಿಸಿ. ಹಕ್ಕಿ ಹೋಗಿ ಬರುತ್ತಿದ್ದರೆ ಮೇ ಕಳೆಯುವವರೆಗೆ ಆ ಮರವನ್ನು ನಿಲ್ಲಗೊಡಿ.