ನಾದ ಕೊಡುವ ಯಂತ್ರ, ಅರ್ಥ ಕೊಡುವ ಮನೆ



ಜ್ಞಾನಸ್ನಾನದ ವಿಧಿಯಲ್ಲಿ ಗುರುಗಳು ಮಗುವಿನ ಕಿವಿ ಬಾಯಿಗಳನ್ನು ಮುಟ್ಟಿ ಪ್ರಾರ್ಥಿಸುವುದನ್ನು ನೀವು ಕಂಡಿರಬಹುದು. ಆ ಕಿವಿಗೆ ಶಬ್ದವೇ ಬೀಳುವುದಿಲ್ಲವೆಂದು ತಿಳಿದಾಗ ಹೆತ್ತವರು ಕೇಳುವ ಮೊದಲ ಪ್ರಶ್ನೆ, ವೈದ್ಯರಿಂದ ಏನಾದರೂ ಸಾಧ್ಯವೇ ಎಂಬುದು.

ಅನೇಕ ಮಕ್ಕಳಿಗೆ ಶ್ರವಣಯಂತ್ರವೋ ಕಾಕ್ಲಿಯರ್ ಇಂಪ್ಲಾಂಟೋ ನೆರವಾಗುತ್ತದೆ. ಇಂಪ್ಲಾಂಟ್ ಒಳಗಿವಿಯಲ್ಲಿದ್ದು ಶ್ರವಣನರಕ್ಕೆ ವಿದ್ಯುತ್ ಸಂಕೇತ ಕೊಡುತ್ತದೆ. ಆದರೆ ಕೆಲವು ಮಕ್ಕಳು ಆ ನರವಿಲ್ಲದೆಯೇ ಹುಟ್ಟುತ್ತಾರೆ. ನ್ಯೂರೋಫೈಬ್ರೊಮಟೋಸಿಸ್ ಎಂಬ ಕಾಯಿಲೆಯ ಎರಡನೆಯ ಬಗೆಯಲ್ಲಿ ಎರಡೂ ಕಡೆ ಕಿವಿಯ ನರದ ಮೇಲೆ ಗಡ್ಡೆ ಬೆಳೆಯುತ್ತದೆ. ಗಡ್ಡೆ ತೆಗೆಯುವಾಗ ನರವೂ ಹೋಗಬಹುದು. ಕಂಬದಲ್ಲಿ ಕರೆಂಟಿದ್ದರೂ ಮನೆಗೆ ತಂತಿಯಿಲ್ಲದ ಸ್ಥಿತಿ ಇದು.

1979ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ವೈದ್ಯರಾದ ವಿಲಿಯಂ ಹೌಸ್ ಮತ್ತು ವಿಲಿಯಂ ಹಿಟ್ಸೆಲ್‌ಬರ್ಗರ್ ಅಂಥ ರೋಗಿಯೊಬ್ಬರಿಗೆ ನರವನ್ನು ಬಿಟ್ಟು, ನೇರವಾಗಿ ಮಿದುಳಿನ ಕಾಂಡದ ಶ್ರವಣಕೇಂದ್ರದಲ್ಲೇ ವಿದ್ಯುದ್ವಾರವನ್ನು ಇಟ್ಟರು. ಇಂದಿನ ಸಾಧನದಲ್ಲಿ ಕಿವಿಯ ಹಿಂದಿನ ಮೈಕ್ ಶಬ್ದವನ್ನು ಹಿಡಿಯುತ್ತದೆ. ಚರ್ಮದಡಿಯ ಭಾಗವು ಸಂಕೇತವನ್ನು ಒಳಕ್ಕೆ ಕಳಿಸುತ್ತದೆ. 2000ದಲ್ಲಿ ಅಮೆರಿಕ ಸರ್ಕಾರ 12 ವರ್ಷ ದಾಟಿದ ಗಡ್ಡೆರೋಗಿಗಳಿಗೆ ಇದನ್ನು ಅನುಮತಿಸಿತು. ಇಟಲಿಯ ವೆರೋನಾದಲ್ಲಿ ವಿಟ್ಟೋರಿಯೊ ಕೊಲೆಟ್ಟಿಯವರು ನರವಿಲ್ಲದ ಮಕ್ಕಳಿಗೂ ಅಳವಡಿಸಿದರು. ನಮ್ಮ ಚೆನ್ನೈಯಲ್ಲಿಯೂ ಈ ಚಿಕಿತ್ಸೆ ನಡೆದಿದೆ.

ಆದರೆ ಒಂದು ಸತ್ಯವನ್ನು ನಾವು ಮನಗಾಣಬೇಕು. ಶಬ್ದ ಕೇಳಿಸುವುದು ಬೇರೆ, ಮಾತು ತಿಳಿಯುವುದು ಬೇರೆ. ತಲೆಬುರುಡೆ ತೆರೆದು ಮಾಡುವ ಈ ಶಸ್ತ್ರಚಿಕಿತ್ಸೆಯ ನಂತರ ಅನೇಕರಿಗೆ ಬಾಗಿಲು ಬಡಿತ, ವಾಹನದ ಹಾರ್ನ್, ಮಾತಿನ ಲಯ ಕೇಳಿಸುತ್ತವೆ. ತುಟಿಚಲನೆ ನೋಡಿ ಅರಿಯಲು ಸಹಾಯವಾಗುತ್ತದೆ. ತುಟಿ ನೋಡದೆಯೇ ಮಾತು ತಿಳಿಯುವವರು ಕೆಲವರು ಮಾತ್ರ. ಅದಕ್ಕೂ ವರ್ಷಗಳ ತರಬೇತಿ ಬೇಕು. ಸಾಲ ಮಾಡಿ, ಹರಕೆ ಹೊತ್ತು, ಮರುದಿನವೇ 'ಅಮ್ಮಾ' ಎನ್ನಲಿ ಎಂದು ಕಾಯುವುದು ಮಗುವಿನ ಮೇಲೆ ಹೊರಿಸುವ ಭಾರ.

ಆದ್ದರಿಂದ ಅನುಮಾನ ಬಂದೊಡನೆ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಜೊತೆಗೆ ಮನೆಮಂದಿಯೆಲ್ಲ ಸಂಜ್ಞಾಭಾಷೆ ಕಲಿಯಿರಿ. 18ನೇ ಶತಮಾನದಲ್ಲಿ ಪ್ಯಾರಿಸಿನ ಗುರು ಷಾರ್ಲ್ ಮಿಷೆಲ್ ದ ಲೆಪೆಯವರು ಕಿವುಡ ಮಕ್ಕಳಿಗೆ ಸಂಜ್ಞೆಗಳಿಂದಲೇ ಪಾಠವನ್ನೂ ಧರ್ಮೋಪದೇಶವನ್ನೂ ಕಲಿಸಿದರು. ವಿಶ್ವಾಸಕ್ಕೆ ಕಿವಿಯೊಂದೇ ದಾರಿಯಲ್ಲವೆಂದು ಅವರು ಅರಿತಿದ್ದರು. ಯಂತ್ರ ಫಲಿಸಲಿ, ಫಲಿಸದಿರಲಿ, ಆ ಮಗು ದೇವರ ಪೂರ್ಣ ಪ್ರತಿರೂಪವೇ.

ಕುಟುಂಬದಲ್ಲಿ ಚಿಂತನೆಗೆ:
1. ನಮ್ಮ ಧರ್ಮಕೇಂದ್ರದಲ್ಲಿ ಕಿವಿ ಕೇಳದವರು ಯಾರಿದ್ದಾರೆ? ಪೂಜೆಯಲ್ಲಿ ಅವರಿಗೆ ಏನು ತಿಳಿಯುತ್ತಿದೆ?
2. ಕಿವಿ ಚೆನ್ನಾಗಿರುವ ನಾವು ಮನೆಯಲ್ಲಿ ಒಬ್ಬರ ಮಾತನ್ನೊಬ್ಬರು ಆಲಿಸುತ್ತಿದ್ದೇವೆಯೇ?