ಎಲ್ಲಾ ಸೇರಿ ಎಷ್ಟು?

ಮಾರಿಷಸ್‌ನಲ್ಲಿ ನನ್ನ ಭಾವ ಕುದುರೆ ಹತ್ತದೆಯೇ ಕುದುರೆ ಸವಾರಿಗೆ ದುಡ್ಡು ಕಟ್ಟಿ ಬಂದರು. ನಾನು ಕುದುರೆ ಹತ್ತಿದೆ, ತಂತಿಯ ಮೇಲೂ ಜಾರಿದೆ, ಆದರೆ ಅದಕ್ಕೆ ಅವರ ಒಂದೂಕಾಲು ಪಟ್ಟು ಸುರಿದೆ. ಇಬ್ಬರಲ್ಲಿ ಯಾರು ಜಾಣರು ಎಂಬ ವಾದ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಅಕ್ಕ ಅವರ ಕಡೆ, ಲೆಕ್ಕ ನನ್ನ ಕಡೆ.

ದಸರೆಗೆ ಊರೂರಿನ ಜನ ಮೈಸೂರಿಗೆ ಬರುವ ಹೊತ್ತಿಗೆ ಮೈಸೂರಿನವರಾದ ನಾವು ಊರು ಬಿಡುತ್ತೇವೆ. ಮಕ್ಕಳಿಗೆ ರಜೆ, ಅಕ್ಟೋಬರ್ ಆ ದ್ವೀಪದಲ್ಲಿ ಮಳೆ ಕಡಿಮೆ ಇರುವ ತಿಂಗಳು, ನಮ್ಮ ಪಾಸ್‌ಪೋರ್ಟಿಗೆ ಮೊದಲೇ ವೀಸಾ ಮಾಡಿಸುವ ರಗಳೆಯೂ ಇಲ್ಲ. ವಿಮಾನ, ಹೋಟೆಲಿನ ಜೊತೆಗೆ ಏಜೆಂಟ್ ಒಂದು ‘ಅಡ್ವೆಂಚರ್ ಕಾಂಬೊ’ ಸೇರಿಸಿದ: ಬೆಳಿಗ್ಗೆ ಕುದುರೆ, ಮಧ್ಯಾಹ್ನ ಜಿಪ್‌ಲೈನ್, ನಡುವೆ ಊಟ, ಹೋಗಿಬರಲು ವ್ಯಾನ್. ತಲೆಗೆ 14,500 ರೂಪಾಯಿ. ಅದರ ಮೇಲೆ ಶೇ 5 ಜಿಎಸ್‌ಟಿ ಬಿದ್ದು 15,225. ಮೂರು ಜನಕ್ಕೆ 45,675. ಟಿಸಿಎಸ್ ಬೇರೆ, ಅದು ತೆರಿಗೆಯಲ್ಲಿ ವಜಾ ಆಗುವುದರಿಂದ ಸದ್ಯಕ್ಕೆ ಪಕ್ಕಕ್ಕಿಡೋಣ.

ನಮ್ಮ ಹೋಟೆಲ್ ಪಶ್ಚಿಮ ತೀರದ ಫ್ಲಿಕ್ ಎನ್ ಫ್ಲಾಕ್‌ನಲ್ಲಿತ್ತು. ಅಲ್ಲಿಗೆ ಹೋದ ಮೇಲೆ ಕಾಂಬೊದ ವೇಳಾಪಟ್ಟಿ ವಾಟ್ಸಾಪ್‌ಗೆ ಬಂತು. ಆರೂವರೆಗೆ ನಮ್ಮನ್ನು ಹತ್ತಿಸಿಕೊಂಡು ವ್ಯಾನ್ ಮೊದಲು ಉತ್ತರದ ಗ್ರಾಂಡ್ ಬೇಗೆ ಹೋಗಿ ಇನ್ನಷ್ಟು ಜನರನ್ನು ತುಂಬಿಕೊಳ್ಳುತ್ತದೆ. ಕುದುರೆ ಪೂರ್ವದ ಯಾವುದೋ ಎಸ್ಟೇಟಿನಲ್ಲಿ. ಜಿಪ್‌ಲೈನ್ ದಕ್ಷಿಣದಲ್ಲಿ. ಸಂಜೆ ಅದೇ ಸುತ್ತು ಹಾಕಿ ಜನರನ್ನು ಇಳಿಸುತ್ತಾ ಬಂದು ಏಳೂವರೆಗೆ ನಮ್ಮನ್ನು ಬಿಡುತ್ತದೆ. ಸುಮಾರು 65 ಕಿ.ಮೀ. ಉದ್ದ, 45 ಕಿ.ಮೀ. ಅಗಲದ ದ್ವೀಪಕ್ಕೆ ಇದು ಪೂರ್ತಿ ಪ್ರದಕ್ಷಿಣೆ. ತಮಾಷೆಯೆಂದರೆ, ಕುದುರೆಯ ಮೇಲೆ ಕೂರಿಸಿ ಸಮುದ್ರದಂಚಿನಲ್ಲಿ ಕರೆದೊಯ್ಯುವ ಲೆ ಮಾರ್ನ್ ನಮ್ಮ ಹೋಟೆಲಿನಿಂದ ಮುಕ್ಕಾಲು ಗಂಟೆಯ ದಾರಿ. ಶಮೂನಿಯ ಜಿಪ್‌ಲೈನ್ ಅಲ್ಲಿಂದ ಕರಾವಳಿ ರಸ್ತೆಯಲ್ಲಿ ಇನ್ನೊಂದು ಮುಕ್ಕಾಲು ಗಂಟೆ.

24 ಗಂಟೆ ಮೊದಲು ತಿಳಿಸಿದರೆ ಅರ್ಧ ಹಣ ವಾಪಸ್ ಎಂದು ವೋಚರಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ನಾವು ಮೂವರೂ ಬರುವುದಿಲ್ಲ ಎಂದೆ.

“ಕಟ್ಟಿದ ದುಡ್ಡು ಬಿಡೋದಾ? ತಲೆ ಕೆಟ್ಟಿದೆಯೇನಯ್ಯ ನಿನಗೆ?” ಎಂದರು ಭಾವ.

“ಅರ್ಧ ಬರುತ್ತೆ ಭಾವ.”

“ಇನ್ನರ್ಧ?”

“ಅದು ಹೋದ ಹಾಗೇ.”

ಅವರು, ಅಕ್ಕ, ಅವರ ಮಗ ವ್ಯಾನಿನಲ್ಲಿ ಹೋದರು. ನಾವು ಟ್ಯಾಕ್ಸಿ ಹಿಡಿದೆವು.

ಈಗ ಲೆಕ್ಕ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ. ಮಾರಿಷಸ್ ರೂಪಾಯಿಯನ್ನು ನಮ್ಮ 1.90 ರೂಪಾಯಿ ಎಂದು ಹಿಡಿಯೋಣ. ಕುದುರೆ ಒಂದು ಗಂಟೆಗೆ ಅಲ್ಲಿಯ 2,400, ಜಿಪ್‌ಲೈನ್ 1,800, ಒಟ್ಟು 4,200. ನಮ್ಮ ದುಡ್ಡಿನಲ್ಲಿ ತಲೆಗೆ 7,980, ಮೂವರಿಗೆ 23,940. ಕಾರ್ಡಿನ ಮಾರ್ಕಪ್ ಶೇ 3.5, ಆ ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಒಟ್ಟು ಶೇ 4.13. ಅದಕ್ಕೆ 989 ಸೇರಿಸಿದರೆ 24,929. ಟ್ಯಾಕ್ಸಿ ಇಡೀ ದಿನಕ್ಕೆ ಅಲ್ಲಿಯ 3,500, ನಮ್ಮ 6,650. ಊಟ 2,850. ಎಲ್ಲ ಕೂಡಿ 34,429. ಅಂದರೆ ಮೊದಲಿನಿಂದಲೂ ಕಾಂಬೊ ಗೊಡವೆಗೆ ಹೋಗದಿದ್ದರೆ 11,246 ರೂಪಾಯಿ ಉಳಿಯುತ್ತಿತ್ತು. ಆದರೆ ನಾನು ಬಿಟ್ಟುಕೊಟ್ಟ ಅರ್ಧವೂ ಇದೆಯಲ್ಲ, 22,838. ಅದನ್ನು ಸೇರಿಸಿದರೆ ಆ ದಿನ ನಮಗೆ ಬಿದ್ದದ್ದು 57,267. ಭಾವನಿಗಿಂತ 11,592 ಹೆಚ್ಚು.

ಇಲ್ಲಿಗೇ ನಿಲ್ಲಿಸಿದರೆ ಭಾವನೇ ಗೆದ್ದರು. ಆದರೆ ನಾವು ಕೊಂಡದ್ದು ಏನನ್ನು? ವ್ಯಾನಿನ ಸೀಟನ್ನೇ? ಜೀನಿನ ಮೇಲೆ ಕೂತ ನಿಮಿಷ, ತಂತಿಯ ಮೇಲಿದ್ದ ನಿಮಿಷ, ಇವೆರಡಕ್ಕೇ ಹಣ ಕೊಟ್ಟದ್ದು. ಕಾಂಬೊದವರಿಗೆ ಕುದುರೆ 40 ನಿಮಿಷ, ಒಬ್ಬರ ಹಿಂದೊಬ್ಬರು ಕಾದು ಜಿಪ್‌ಲೈನ್ 25 ನಿಮಿಷ, ಒಟ್ಟು 65. ತಲೆಗೆ 15,225ನ್ನು 65ರಿಂದ ಭಾಗಿಸಿ: ನಿಮಿಷಕ್ಕೆ 234 ರೂಪಾಯಿ. ನಮಗೆ ಕುದುರೆ ಪೂರ್ತಿ 60, ಜಿಪ್‌ಲೈನ್ 35, ಒಟ್ಟು 95 ನಿಮಿಷ. ಕಳೆದುಕೊಂಡ ಅರ್ಧವನ್ನೂ ಸೇರಿಸಿಕೊಂಡು ತಲೆಗೆ 19,089, ನಿಮಿಷಕ್ಕೆ 201. ದಂಡ ತೆತ್ತ ಮೇಲೂ ನಾವೇ ಅಗ್ಗ. ದಂಡವಿಲ್ಲದಿದ್ದರೆ 121. ಅವರು ಹೋಟೆಲಿನಿಂದ ಹೊರಗಿದ್ದದ್ದು 13 ಗಂಟೆ, ನಾವು 8. ಆ ಐದು ಗಂಟೆಗೆ ನಾನು ಬೆಲೆ ಕಟ್ಟಿಲ್ಲ. ಮಗಳು ಅಷ್ಟೂ ಹೊತ್ತು ಹೋಟೆಲಿನ ಮುಂದಿನ ನೀರಿನಲ್ಲೇ ಇದ್ದಳು.

ಭಾವನ ಸ್ವಂತ ಲೆಕ್ಕ ಇನ್ನೂ ಚಂದ. ಪೂರ್ವದ ಆ ಲಾಯದಲ್ಲಿ ಹೆಲ್ಮೆಟ್ ಕೊಡುವ ಮೊದಲು ಒಂದು ತೂಕದ ಯಂತ್ರದ ಮೇಲೆ ನಿಲ್ಲಿಸಿದರಂತೆ. ಬಚ್ಚಲುಮನೆಯಲ್ಲಿ ಇಡುತ್ತಾರಲ್ಲ, ಅಂಥದ್ದು. ಮುಳ್ಳು 97ಕ್ಕೆ ಹೋಗಿ ನಿಂತಿತು. ಅವರು ಶೂ ಬಿಚ್ಚಿದರು, ಮೊಬೈಲು, ಪರ್ಸು ಅಕ್ಕನ ಕೈಗೆ ಕೊಟ್ಟರು. 96. ಅಲ್ಲಿಯ ಮಿತಿ 90. ಕುದುರೆ ತನ್ನ ಮೈತೂಕದ ಸುಮಾರು ಐದನೇ ಒಂದು ಭಾಗ ಹೊರಬಹುದು ಎಂಬುದು ಕುದುರೆ ಸಾಕುವವರು ಇಟ್ಟುಕೊಂಡಿರುವ ಅಳತೆ. 450 ಕಿಲೋ ಕುದುರೆಗೆ ಜೀನು ಸೇರಿ 90. ಲಾಯದವನ ತಪ್ಪೇನೂ ಇಲ್ಲ. ಆದರೆ ಮೈಸೂರಿನಲ್ಲಿ ದುಡ್ಡು ಎಣಿಸಿಕೊಂಡವನು ಒಂದು ಮಾತು ಕೇಳಬಾರದಿತ್ತೇ? ತೂಕದ ಕಾರಣಕ್ಕೆ ಹತ್ತಿಸದಿದ್ದರೆ ಹಣ ವಾಪಸಿಲ್ಲ ಎಂಬುದೂ ಅದೇ ಇರುವೆ ಸಾಲಿನಲ್ಲಿತ್ತು. ಭಾವನಿಗೆ ದಕ್ಕಿದ್ದು ಜಿಪ್‌ಲೈನಿನ 25 ನಿಮಿಷ. ನಿಮಿಷಕ್ಕೆ 609 ರೂಪಾಯಿ.

ಈ ಕಾಂಬೊ ಎನ್ನುವ ಸರಕು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಎರಡು ಬೆಲೆಗಳನ್ನು ಒಂದು ಮಾಡಿದ ಕೂಡಲೇ ಎರಡೂ ಕಾಣೆಯಾಗುತ್ತವೆ. ಕುದುರೆಗೆ ಎಷ್ಟು, ತಂತಿಗೆ ಎಷ್ಟು, ಊಟಕ್ಕೆ ಎಷ್ಟು ಎಂದು ಕೇಳಿದರೆ “ಸಾರ್, ಅದು ಪ್ಯಾಕೇಜ್” ಎನ್ನುತ್ತಾನೆ. ಗಾಳಿ ಜೋರಾಗಿ ಜಿಪ್‌ಲೈನ್ ನಿಂತರೆ ಎಷ್ಟು ವಾಪಸ್ ಕೊಡುತ್ತೀಯಪ್ಪ ಎಂದರೂ ಅದೇ ಉತ್ತರ. ಬಿಡಿ ಬೆಲೆಯೇ ಇಲ್ಲದ ಮೇಲೆ ಬಿಡಿ ವಾಪಸಾತಿ ಎಲ್ಲಿಂದ ಬರಬೇಕು? ಎರಡು ಚಟುವಟಿಕೆ ಒಂದೇ ಜಾಗದಲ್ಲಿ, ಒಬ್ಬನೇ ಮಾಲೀಕನ ಕೈಯಲ್ಲಿದ್ದರೆ ಮಾತು ಬೇರೆ. ದ್ವೀಪದ ಎರಡು ಮೂಲೆಗಳನ್ನು ವ್ಯಾನಿನಿಂದ ಹೊಲಿದು ಅದಕ್ಕೆ ಕಾಂಬೊ ಎಂದು ಹೆಸರಿಡುವುದು ವ್ಯಾಪಾರದ ಚಾಲಾಕಿ, ಅಷ್ಟೇ.

ಆದರೂ ಏಜೆಂಟನನ್ನು ಎಷ್ಟು ಬೈಯುವುದು? “ಎಲ್ಲಾ ಸೇರಿ ಎಷ್ಟಾಗುತ್ತೆ?” ಎಂದು ಮೊದಲು ಕೇಳುವವರು ನಾವೇ. ಮದುವೆಗೆ ಛತ್ರ, ಅಡುಗೆ, ಓಲಗ, ಹೂವು ಎಲ್ಲವನ್ನೂ ಒಬ್ಬನಿಗೇ ವಹಿಸಿ, ಆಮೇಲೆ ಎರಡನೇ ಪಂಕ್ತಿಗೆ ಹೋಳಿಗೆ ಸಾಲಲಿಲ್ಲ ಎಂದು ಯಾರನ್ನು ಕೇಳಬೇಕೋ ತಿಳಿಯದೆ ನಿಲ್ಲುತ್ತೇವಲ್ಲ, ಹಾಗೆ. ಊರು ಬಿಡುವ ಮುನ್ನ ಎಲ್ಲಕ್ಕೂ ದುಡ್ಡು ಕಟ್ಟಿಬಿಟ್ಟರೆ ನೆಮ್ಮದಿ ಎಂಬ ಭಾವನೆ ನಮ್ಮ ಹಿರಿಯರಿಗೆ ಒಪ್ಪುತ್ತಿತ್ತು. ಅವರು ಕಾಶಿಗೆ ಹೋಗುವಾಗ ಫೋನ್ ಇರಲಿಲ್ಲ. ನಿಮ್ಮ ಜೇಬಿನಲ್ಲಿ ಇದೆ. ಲಾಯದ ನಂಬರಿಗೆ ಒಂದು ಮೆಸೇಜ್ ಹಾಕಲು ಏನು ಸಂಕೋಚ? ವಿದೇಶದವರ ಜೊತೆ ಇಂಗ್ಲಿಷಿನಲ್ಲಿ ಹೇಗೆ ಕೇಳುವುದು ಎಂಬ ಅಳುಕಿಗೆ ನಾವು ಪ್ರತಿ ಪ್ರವಾಸದಲ್ಲೂ ಸಾವಿರಗಟ್ಟಲೆ ಕೊಡುತ್ತಿದ್ದೇವೆ. ಅಲ್ಲಿಯ ಜನ ಮನೆಯಲ್ಲಿ ಕ್ರಿಯೋಲ್ ಆಡುತ್ತಾರೆ, ಇಂಗ್ಲಿಷ್ ಅವರಿಗೂ ಕಲಿತದ್ದೇ. ನಮ್ಮ ಟ್ಯಾಕ್ಸಿಯವನು ಭೋಜಪುರಿ ಬೆರೆಸಿದ ಹಿಂದಿಯಲ್ಲಿ ಮಾತಾಡಿಸಿದ. ನನ್ನ ಹರಕು ಹಿಂದಿ ಅವನಿಗೆ ಸಾಕಾಯಿತು. ಅಲ್ಲಿಯ ನೋಟುಗಳ ಮೇಲೆ ತಮಿಳು, ನಾಗರಿ ಅಕ್ಷರಗಳೂ ಇವೆ. ಪರದೇಶ ಎಂದು ಹೆದರಬೇಕಾದ ಊರಲ್ಲ.

ದಿನದ ಕ್ರಮಕ್ಕೆ ಬರುತ್ತೇನೆ. ಕುದುರೆ ಬೆಳಿಗ್ಗೆಗೇ ಇರಲಿ. ಬಿಸಿಲೇರಿದರೆ ಸವಾರನಿಗಿಂತ ಕುದುರೆಗೆ ಕಷ್ಟ. ಲೆ ಮಾರ್ನ್ ಬ್ರಬಾಂಟ್ 556 ಮೀಟರಿನ ಕಲ್ಲುಬೆಟ್ಟ, ತಪ್ಪಿಸಿಕೊಂಡ ಗುಲಾಮರು ಅಡಗಿದ್ದ ಜಾಗ, 2008ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದರ ಬುಡದಲ್ಲಿ ಒಂದು ಗಂಟೆ ನಡೆಸಿದರು. ಮೊದಲ ಹತ್ತು ನಿಮಿಷ ರಿಕಾಪಿನ ಪಟ್ಟಿ ನನ್ನ ಮೊಣಕಾಲಿಗೆ ಉಜ್ಜುತ್ತಿತ್ತು. ಜೊತೆಗೆ ಬಂದ ಹುಡುಗಿ ಇಳಿದು ಒಂದು ತೂತು ಮೇಲಕ್ಕೆ ಬಿಗಿದ ಮೇಲೆಯೇ ನಾನು ಸಮುದ್ರ ನೋಡಿದ್ದು. ಜಿಪ್‌ಲೈನಿಗೆ ಕನಿಷ್ಠ ತೂಕವೂ ಇರುತ್ತದೆ, ಮರೆಯಬೇಡಿ. ಹಗುರದ ಮಕ್ಕಳು ಎದುರುಗಾಳಿಗೆ ಸಿಕ್ಕಿ ತಂತಿಯ ನಡುವೆಯೇ ನಿಂತುಬಿಡುತ್ತಾರೆ. ನಮ್ಮ ಮಗಳನ್ನು ಅಲ್ಲಿಯ ಸಿಬ್ಬಂದಿಯೊಬ್ಬ ತನ್ನ ಹಾರ್ನೆಸ್‌ಗೆ ಸೇರಿಸಿ ಕಟ್ಟಿಕೊಂಡು ಹೋದ. ಜುಲೈ, ಆಗಸ್ಟ್‌ನಲ್ಲಿ ಆಗ್ನೇಯದ ವಾಣಿಜ್ಯ ಮಾರುತ ಜೋರು. ಆ ತಿಂಗಳುಗಳಲ್ಲಿ ಜಿಪ್‌ಲೈನಿಗೆ ಮುಂಗಡ ಕಟ್ಟಲೇಬೇಡಿ. ಕುದುರೆಗೆ ಬೇಕಾದರೆ ಕಟ್ಟಿ.

ಕಾರ್ಡ್ ಯಂತ್ರ ಭಾರತದ ರೂಪಾಯಿಯೋ ಅಲ್ಲಿಯ ರೂಪಾಯಿಯೋ ಎಂದು ಕೇಳಿದರೆ ಅಲ್ಲಿಯದನ್ನೇ ಒತ್ತಿ. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಇದೆ, ಆದರೆ ಲಾಯದಲ್ಲಿ ಕ್ಯೂಆರ್ ಅಂಟಿಸಿರಲಿಲ್ಲ. ಟ್ಯಾಕ್ಸಿಗೆ ನಗದು, ದರ ಹತ್ತುವ ಮೊದಲೇ, ಕಾಯುವುದೂ ಸೇರಿ. ಪ್ಯಾಕೇಜಿನ ಜೊತೆ ಪುಕ್ಕಟೆ ಬಂದ ಟ್ರಾವೆಲ್ ಇನ್ಶೂರೆನ್ಸನ್ನು ತೆಗೆದು ಓದಿ. ಇಂಥ ಬಹುತೇಕ ಪಾಲಿಸಿಗಳಲ್ಲಿ ಸಾಹಸ ಕ್ರೀಡೆ ಹೊರಗೆ, ಎಷ್ಟೋ ಕಡೆ ಕುದುರೆ ಸವಾರಿಯೂ ಹೊರಗೆ. ಪ್ರತ್ಯೇಕ ರೈಡರ್ ಕೇಳಿ ಪಡೆಯಬೇಕು.

ಪಕ್ಕಕ್ಕಿಟ್ಟ ಟಿಸಿಎಸ್ ಬಾಕಿ ಇದೆ. ನಮ್ಮ ಬಿಲ್ಲಿನಲ್ಲಿ ಅದು ಶೇ 5, ಜಿಎಸ್‌ಟಿ ಸೇರಿದ ಮೊತ್ತದ ಮೇಲೆ, ಕಾಂಬೊದ ಪಾಲು 2,284. ಏಜೆಂಟ್ ಅರ್ಧ ಹಣ ವಾಪಸ್ ಕೊಟ್ಟಾಗ ಇದರ ಸುದ್ದಿಯನ್ನೇ ಎತ್ತಲಿಲ್ಲ. ಅವನು ಅದನ್ನು ನಿಜವಾಗಿ ಕಟ್ಟಿದ್ದರೆ, ನಿಮ್ಮ ಪ್ಯಾನ್ ಸರಿಯಾಗಿ ನಮೂದಿಸಿದ್ದರೆ, 26ಎಎಸ್‌ನಲ್ಲಿ ಕಾಣುತ್ತದೆ. ಅಲ್ಲಿ ಕಾಣದಿದ್ದರೆ ರಿಟರ್ನ್ ಸಲ್ಲಿಸುವ ಮೊದಲೇ ಅವನ ಅಂಗಡಿಗೆ ಹೋಗಿ ಕೂತುಕೊಳ್ಳಿ.