ಸರ್ವರ್ ಚೆನ್ನಾಗೇ ಓಡುತ್ತಿದೆ, ಫರ್ಮ್‌ವೇರ್ ಮುಟ್ಟಬೇಕೆ?

ಮುಟ್ಟಬೇಕು. ‘ಓಡ್ತಿರೋದನ್ನ ಯಾಕ್ರೀ ಕೆಣಕ್ತೀರಿ’ ಎನ್ನುವ ನಿಮ್ಮ ಮ್ಯಾನೇಜರ್ ಮಾತು ಅರ್ಧ ಮಾತ್ರ ಸರಿ.

ಲಿನಕ್ಸ್ ಏಳುವ ಮುಂಚೆ ಪ್ರೊಸೆಸರ್, ಮೆಮೊರಿಯನ್ನು ಸಜ್ಜುಮಾಡುವುದು ಫರ್ಮ್‌ವೇರ್. ಅದು ಮದರ್‌ಬೋರ್ಡಿನಲ್ಲಷ್ಟೇ ಅಲ್ಲ, ರೇಡ್ ಕಂಟ್ರೋಲರ್, ನೆಟ್‌ವರ್ಕ್ ಕಾರ್ಡು, ಒಂದೊಂದು ಡಿಸ್ಕಿನಲ್ಲೂ ಬೇರೆಬೇರೆಯಾಗಿ ಇರುತ್ತದೆ. ಸರ್ವರ್ ಆಫ್ ಆಗಿದ್ದಾಗಲೂ ಎಚ್ಚರವಿರುವ ಬಿಎಂಸಿ ಚಿಪ್‌ಗೂ ತನ್ನದೇ ಫರ್ಮ್‌ವೇರ್ ಉಂಟು.

2019ರ ನವೆಂಬರ್‌ನಲ್ಲಿ ಎಚ್‌ಪಿಇ ಒಂದು ಎಚ್ಚರಿಕೆ ಹೊರಡಿಸಿತು. ಫರ್ಮ್‌ವೇರ್ ದೋಷದಿಂದ ಆ ಕಂಪನಿಯ ಕೆಲವು ಎಸ್‌ಎಎಸ್ ಎಸ್‌ಎಸ್‌ಡಿಗಳು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ಕೆಟ್ಟುಹೋಗುತ್ತವೆ, ಡೇಟಾ ಮರಳಿ ಸಿಗುವುದಿಲ್ಲ. ಒಂದೇ ದಿನ ಹಾಕಿದ ಡಿಸ್ಕುಗಳು ಹೆಚ್ಚುಕಮ್ಮಿ ಒಟ್ಟಿಗೇ ಸಾಯುವುದರಿಂದ ರೇಡ್ ಇದ್ದೂ ಪ್ರಯೋಜನವಿಲ್ಲ. ಮದ್ದು? ಎಚ್‌ಪಿಡಿ8 ಎಂಬ ಹೊಸ ಫರ್ಮ್‌ವೇರ್, ಆ ಗಂಟೆ ತುಂಬುವ ಮೊದಲೇ. ಅಲ್ಲಿಯವರೆಗೆ ಆ ಡಿಸ್ಕುಗಳೂ ಚೆನ್ನಾಗೇ ಓಡುತ್ತಿದ್ದವು, ನಿಮ್ಮ ಮ್ಯಾನೇಜರ್‌ಗೆ ಇದನ್ನು ಹೇಳಿ.

ಆದರೆ ಸೋಮವಾರ ಬೆಳಿಗ್ಗೆ ಅಪ್‌ಡೇಟ್‌ಗೆ ಕೂರಬೇಡಿ. ರಜೆಯ ದಿನ ನೋಡಿಕೊಳ್ಳಿ. ಬ್ಯಾಕಪ್ ತೆಗೆದರೆ ಸಾಲದು, ಒಮ್ಮೆ ರಿಸ್ಟೋರ್ ಮಾಡಿ ನೋಡಿ. ರಿಲೀಸ್ ನೋಟ್ಸ್ ಓದಿ, ಮೊದಲು ಒಂದೇ ಸರ್ವರ್‌ಗೆ ಹಾಕಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು, ಹಾಗಾಗಿ ಯುಪಿಎಸ್ ಬ್ಯಾಟರಿ ಮೊದಲೇ ಪರೀಕ್ಷಿಸಿ.